ಸೇತುವೆಯ ಈ ಕಡೆ ಡಾಕ್ಟ್ರ ಚೀಟಿ, ಆ ಕಡೆ ಬರೀ ಲೈಸನ್ಸು

2014ರ ಚಳಿಗಾಲ, ನಾವಾಗ ಆರೆಗಾನ್‌ನ ಪೋರ್ಟ್‌ಲ್ಯಾಂಡಲ್ಲಿ ಇದ್ವಿ. ಶೀತ ಆಗಿ ಮೂಗು ಹೇಗೆ ಕಟ್ಕೊಂಡಿತ್ತು ಅಂದ್ರೆ ರಾತ್ರಿಯೆಲ್ಲಾ ಬಾಯಲ್ಲೇ ಉಸಿರಾಡಿ ಬೆಳಗ್ಗೆ ಏಳೋ ಹೊತ್ತಿಗೆ ನಾಲಿಗೆ ಒಣಗಿ ಮರದ ತುಂಡಾಗಿರೋದು. ಟೆಕ್ಸಾಸಿಂದ ಹೊಸದಾಗಿ ಬಂದಿದ್ದ ಕಲೀಗ್ ಒಬ್ಬ "ಮೂಗು ಬಿಡಿಸೋಕೆ ಸುಡಾಫೆಡ್ ಮಾತ್ರೆ ತಗೋ, ಶೆಲ್ಫಲ್ಲಿ ಇರಲ್ಲ, ಕೌಂಟರ್ ಹಿಂದೆ ಇಟ್ಟಿರ್ತಾರೆ, ಐಡಿ ತೋರ್ಸಿದ್ರೆ ಕೊಡ್ತಾರೆ" ಅಂದ. ಸರಿ ಅಂತ ಹೋಗಿ, ಕ್ಯೂನಲ್ಲಿ ನಿಂತು, ಲೈಸನ್ಸ್ ಕೈಯಲ್ಲೇ ಹಿಡ್ಕೊಂಡು ಕೇಳಿದ್ರೆ ಕೌಂಟರಲ್ಲಿದ್ದವರು ನನ್ನ ಲೈಸನ್ಸ್ ಕಡೆ ನೋಡ್ಲೂ ಇಲ್ಲ. "ಪ್ರಿಸ್ಕ್ರಿಪ್ಷನ್ ತಂದಿದ್ದೀರಾ?" ಅಂದ್ರು. ಮೂಗು ಕಟ್ಟಿದ್ದಕ್ಕೆ ಪ್ರಿಸ್ಕ್ರಿಪ್ಷನ್ನಾ ಅಂತ ನಾನು ಬಾಯಿ ಬಿಟ್ಕೊಂಡು ನಿಂತೆ (ಹೇಗಿದ್ರೂ ಬಾಯಿ ಬಿಟ್ಕೊಂಡೇ ಇದ್ದೆ ಅನ್ನಿ).

ಸಂಜೆ ಭಾವಂಗೆ ಫೋನ್ ಮಾಡಿದಾಗ ಹೇಳಿದೆ. ಅವರು ಇರೋದು ವ್ಯಾಂಕೂವರಲ್ಲಿ, ಕೆನಡಾದ್ದಲ್ಲ, ವಾಷಿಂಗ್ಟನ್ ಸ್ಟೇಟಿನ ವ್ಯಾಂಕೂವರ್, ಅಂದ್ರೆ ಪೋರ್ಟ್‌ಲ್ಯಾಂಡಿಂದ ಕೊಲಂಬಿಯಾ ನದಿ ಸೇತುವೆ ದಾಟಿದ್ರೆ ಆಯ್ತು. "ಅಲ್ಲಯ್ಯಾ, ನೆಗಡಿಗೆಲ್ಲಾ ಡಾಕ್ಟ್ರ ಹತ್ರ ಹೋಗ್ತಾರಾ, ಭಾನುವಾರ ಹೇಗೂ ಊಟಕ್ಕೆ ಬರ್ತೀರಲ್ಲ, ನಾನು ತಂದಿಟ್ಟಿರ್ತೀನಿ" ಅಂದ್ರು. ನಾವು ಹೋದಾಗ ಇನ್ನೂ ತಂದಿರ್ಲಿಲ್ಲ, ಹಾಗಾಗಿ ಜೊತೇಲೇ ಹೋದ್ವಿ. ಅವರ ಲೈಸನ್ಸ್ ಸ್ಕ್ಯಾನ್ ಮಾಡಿದ್ರು, ಸ್ಕ್ರೀನ್ ಮೇಲೆ ಸೈನ್ ಹಾಕಿಸ್ಕೊಂಡ್ರು, ಡಬ್ಬಿ ಕೊಟ್ರು, ಎರಡು ನಿಮಿಷದ ಕೆಲಸ. ಅದೇ ಕಂಪನಿ, ಅದೇ ಕೆಂಪು ಮಾತ್ರೆ, ಡಬ್ಬಿ ಹಿಂದೆ ಔಷಧಿ ವಿವರ, ಎಚ್ಚರಿಕೆ ಬರೆದಿರೋ ಅದೇ ಡ್ರಗ್ ಫ್ಯಾಕ್ಟ್ಸ್ ಚೌಕ. ಅವರ ಮನೇಲೇ ಒಂದು ನುಂಗಿ ಊಟಕ್ಕೆ ಕೂತೆ, ಅಕ್ಕ ಹಾಕಿದ ಒಗ್ಗರಣೆ ವಾಸನೆ ಮೂಗಿಗೆ ಬಂದಾಗ ಏನೋ ಸ್ವರ್ಗ ಸಿಕ್ಕಿದ ಹಾಗಾಯ್ತು.

ಆದ್ರೆ ತಲೇಲಿ ಒಂದು ಹುಳ ಹೊಕ್ಕಿತ್ತು. ಔಷಧಿಗಳಿಗೆ ಒಪ್ಪಿಗೆ ಕೊಡೋ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಡಿಎ ಇಡೀ ದೇಶಕ್ಕೆ "ಇದಕ್ಕೆ ಚೀಟಿ ಬೇಡ" ಅಂತ ಹೇಳಿರೋ ಮಾತ್ರೆಗೆ ಆರೆಗಾನ್ ಅದ್ಹೇಗೆ ಚೀಟಿ ಕೇಳುತ್ತೆ? ಕೇಂದ್ರದ ಮಾತು ನಡೆಯುತ್ತಾ, ರಾಜ್ಯದ್ದಾ? ಆಮೇಲೆ ಬಿಡುವಾದಾಗೆಲ್ಲ ಇದನ್ನ ಕೆದಕಿ ಓದ್ತಾ ಬಂದೆ, ಓದಿದಷ್ಟೂ ಮಜಾ ಬಂತು, ಅದಕ್ಕೇ ಈ ಪೋಸ್ಟು.

ಮೊದಲು ಒಂದು ಸಂಗತಿ, ಚೀಟಿ ಬೇಕಾದ ಔಷಧಿ, ಬೇಡದ ಔಷಧಿ ಅನ್ನೋ ಎರಡು ರಾಶಿ ಅಮೆರಿಕದ ಕಾನೂನಲ್ಲಿ ಖಡಾಖಂಡಿತವಾಗಿ ಬಂದಿದ್ದೇ 1951ರಲ್ಲಿ. ಅದಕ್ಕೆ ಮುಂಚೆ 1938ರ ಕಾಯ್ದೆ ಇತ್ತು, ಆದ್ರೆ ಯಾವುದಕ್ಕೆ ಚೀಟಿ ಬೇಕು ಅಂತ ಹೆಚ್ಚುಕಮ್ಮಿ ಕಂಪನಿಗಳೇ ತೀರ್ಮಾನ ಮಾಡ್ತಿದ್ವು, ಒಂದೇ ಔಷಧಿನ ಒಬ್ಬ ಚೀಟಿ ಕೇಳಿ ಮಾರೋದು, ಇನ್ನೊಬ್ಬ ಕೇಳದೇ ಮಾರೋದು. ಅದನ್ನ ಸರಿ ಮಾಡಿದ್ದು ಡರ್ಹಮ್-ಹಂಫ್ರಿ ತಿದ್ದುಪಡಿ. ಅದನ್ನ ತಂದ ಇಬ್ಬರೂ ಫಾರ್ಮಸಿಸ್ಟುಗಳೇ: ಕಾರ್ಲ್ ಡರ್ಹಮ್ ನಾರ್ತ್ ಕ್ಯಾರೊಲಿನಾದವರು, ಹ್ಯೂಬರ್ಟ್ ಹಂಫ್ರಿ ಸೌತ್ ಡಕೋಟಾದ ಹ್ಯೂರಾನಲ್ಲಿ ಅಪ್ಪನ ಮೆಡಿಕಲ್ ಶಾಪಲ್ಲಿ ಕೆಲಸ ಮಾಡಿದವರು, ಮುಂದೆ ಉಪಾಧ್ಯಕ್ಷರೂ ಆದ್ರು. ಕೌಂಟರ್ ಹಿಂದೆ ನಿಂತು ಗಿರಾಕಿಗಳ ಹತ್ರ ಬೈಸ್ಕೊಂಡವರೇ ಬರೆದ ಕಾನೂನು ಅಂತ ನಂಗೆ ಇದರ ಮೇಲೆ ಸ್ವಲ್ಪ ಗೌರವ ಜಾಸ್ತಿ.

ಕೇಂದ್ರ ವರ್ಸಸ್ ರಾಜ್ಯ ಅನ್ನೋ ಜಗಳಕ್ಕೆ ನೇರವಾಗಿ ಕೈ ಹಾಕಿದ್ದು ಮಾತ್ರ 1997ರಲ್ಲಿ. ಆ ವರ್ಷ ಅದೇ 1938ರ ಕಾಯ್ದೆಗೆ 751 ಅಂತ ಒಂದು ಸೆಕ್ಷನ್ ಸೇರಿಸಿದ್ರು. ಅದರ ಸಾರ ಏನಂದ್ರೆ, ಚೀಟಿ ಬೇಡದ ಔಷಧಿ ವಿಷಯದಲ್ಲಿ ಕೇಂದ್ರದ ನಿಯಮಕ್ಕಿಂತ ಬೇರೆ ಆಗಿರೋ, ಹೆಚ್ಚುವರಿ ಆಗಿರೋ, ಅದರ ಪಡಿಯಚ್ಚಿನ ಹಾಗೆ ಇಲ್ಲದ ಯಾವ ನಿಯಮಾನೂ ರಾಜ್ಯಗಳು ಮಾಡೋ ಹಾಗಿಲ್ಲ. ಲೇಬಲ್ಲು, ಎಚ್ಚರಿಕೆ, ಪ್ಯಾಕಿಂಗು, ಎಲ್ಲಾ ಒಂದೇ. ಕಂಪನಿಗಳಿಗೆ ಹಬ್ಬ, ಐವತ್ತು ರಾಜ್ಯಕ್ಕೆ ಐವತ್ತು ಥರದ ಡಬ್ಬಿ ಪ್ರಿಂಟ್ ಮಾಡೋ ಕಾಟ ಇಲ್ಲ. ಆದ್ರೆ ಅದೇ ಸೆಕ್ಷನಲ್ಲಿ ಕೆಲವು ಕಿಂಡಿ ಬಿಟ್ಟಿದ್ದಾರೆ. ಔಷಧಿಯಿಂದ ತೊಂದರೆ ಆದ್ರೆ ರಾಜ್ಯದ ಕಾನೂನಿನ ಪ್ರಕಾರ ಕಂಪನಿ ಮೇಲೆ ಕೇಸ್ ಹಾಕಬಹುದು, ಫಾರ್ಮಸಿ ಹೇಗೆ ನಡೀಬೇಕು ಅನ್ನೋದು ರಾಜ್ಯದ್ದೇ, ಕ್ಯಾಲಿಫೋರ್ನಿಯಾದ ಪ್ರೊಪೊಸಿಷನ್ 65ಕ್ಕೆ (ಹಾನಿಕರ ಕೆಮಿಕಲ್ ಇದ್ರೆ ಎಚ್ಚರಿಕೆ ಹಾಕಲೇಬೇಕು ಅನ್ನೋ ಅಲ್ಲಿನ ಕಾನೂನು) ಅಂತಲೇ ಒಂದು ವಿನಾಯಿತಿ, ಮತ್ತೆ ಎಲ್ಲಕ್ಕಿಂತ ದೊಡ್ಡ ಕಿಂಡಿ, ರಾಜ್ಯ ಬೇಕಂದ್ರೆ ಒಂದು ಓಟಿಸಿ (ಓವರ್ ದಿ ಕೌಂಟರ್, ಅಂದ್ರೆ ಚೀಟಿ ಬೇಡದ) ಔಷಧಿನ "ನಮ್ಮಲ್ಲಿ ಚೀಟಿ ಇದ್ರೆ ಮಾತ್ರ" ಅಂತ ಮಾಡಬಹುದು.

ಅಂದ್ರೆ ಡಬ್ಬಿ ಮೇಲೆ ಒಂದು ಅಕ್ಷರ ಬದಲಾಯಿಸೋ ಹಕ್ಕು ಆರೆಗಾನ್‌ಗೆ ಇಲ್ಲ, ಡಬ್ಬಿನೇ ಕೊಡದೇ ಇರೋ ಹಕ್ಕು ಇದೆ! ನಂಗೆ ಉತ್ತರ ಅಲ್ಲೇ ಸಿಕ್ತು. ರಾಜ್ಯದ ಕೈಲಿರೋ ಹಿಡಿಕೆ ಅಂದ್ರೆ ಡಾಕ್ಟ್ರ ಚೀಟಿ. ಅದನ್ನೇ ಹಿಡ್ಕೊಂಡು ರಾಜ್ಯಗಳು ಏನೇನು ಆಟ ಆಡಿದಾವೆ ನೋಡಿ.

ಸುಡಾಫೆಡ್ ಒಳಗಿರೋ ಸುಡೋಎಫೆಡ್ರಿನ್‌ನಿಂದ ಮೆಥ್ ಅನ್ನೋ ಮಾದಕವಸ್ತು ಮಾಡಬಹುದು, ಹಾಗಾಗಿ 2004ರಲ್ಲಿ ಓಕ್ಲಹೋಮ ಎಲ್ಲರಿಗಿಂತ ಮೊದಲು ಅದರ ಮಾತ್ರೆಗಳನ್ನ ಕೌಂಟರ್ ಹಿಂದೆ ಎತ್ತಿಡ್ತು. ಅದನ್ನ ನೋಡಿ ಬೇರೆ ರಾಜ್ಯಗಳು, ಕೊನೆಗೆ ಕೇಂದ್ರನೂ ಹಿಂದೆ ಬಂತು, 2006ರಲ್ಲಿ ಸಹಿ ಆದ ಕಾಯ್ದೆ ಪ್ರಕಾರ ಒಬ್ಬರಿಗೆ ದಿನಕ್ಕೆ 3.6 ಗ್ರಾಂ, 30 ದಿನಕ್ಕೆ 9 ಗ್ರಾಂ, ಐಡಿ ತೋರ್ಸ್ಬೇಕು, ಪುಸ್ತಕದಲ್ಲಿ ಹೆಸರು ಬರೀಬೇಕು. ಆರೆಗಾನ್‌ಗೆ ಅದೂ ಸಾಲ್ಲಿಲ್ಲ, 2006ರಿಂದ ಚೀಟಿ ಕಡ್ಡಾಯ. 2010ರಲ್ಲಿ ಮಿಸಿಸಿಪ್ಪಿನೂ ಸೇರ್ಕೊಳ್ತು. ವಾಷಿಂಗ್ಟನ್ ಸೇರ್ಲಿಲ್ಲ, ಭಾವನ ಪುಣ್ಯ.

ಇದಕ್ಕಿಂತ ತಮಾಷೆ ಹವಾಯಿದು. ಅಮೆರಿಕದಲ್ಲಿ ಸನ್‌ಸ್ಕ್ರೀನ್ ಕಾಸ್ಮೆಟಿಕ್ ಅಲ್ಲ, ಎಫ್‌ಡಿಎ ಲೆಕ್ಕದಲ್ಲಿ ಅದೂ ಓಟಿಸಿ ಔಷಧಿನೇ, ಟ್ಯೂಬ್ ಹಿಂದೆ ಡ್ರಗ್ ಫ್ಯಾಕ್ಟ್ಸ್ ಚೌಕ ಇರುತ್ತೆ ನೋಡಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಅನ್ನೋ ಎರಡು ಕೆಮಿಕಲ್ ಹವಳದ ದಿಬ್ಬಗಳಿಗೆ ಹಾನಿ ಮಾಡ್ತವೆ ಅಂತ ಹವಾಯಿ ಅವನ್ನ ನಿಲ್ಲಿಸೋಕೆ ಹೊರಟ್ತು. ಆದ್ರೆ ಓಟಿಸಿ ಔಷಧಿಗೆ ಕೇಂದ್ರಕ್ಕಿಂತ ಬೇರೆ ನಿಯಮ ಮಾಡೋ ಹಾಗಿಲ್ವಲ್ಲ. ಹಾಗಾಗಿ 2018ರ ಕಾನೂನಲ್ಲಿ ಬರೆದಿದ್ದು ಏನು ಗೊತ್ತಾ, ಈ ಎರಡರಲ್ಲಿ ಯಾವುದೇ ಇರೋ ಸನ್‌ಸ್ಕ್ರೀನನ್ನ ವೈದ್ಯರ ಚೀಟಿ ಇಲ್ಲದೇ ಮಾರೋ ಹಾಗಿಲ್ಲ ಅಂತ. ಬೀಚಿಗೆ ಹೋಗೋಕೆ ಯಾರು ಚೀಟಿ ಬರೆಸ್ಕೊಂಡು ಬರ್ತಾರೆ ಹೇಳಿ! ನೋಡೋಕೆ ಚೀಟಿ ನಿಯಮ, ನಿಜಕ್ಕೂ ನಿಷೇಧ. ಯಾರು ಡ್ರಾಫ್ಟ್ ಮಾಡಿದ್ರೋ ಅವರು 751ರ ಕಿಂಡಿನ ಚೆನ್ನಾಗೇ ನೋಡ್ಕೊಂಡಿದ್ರು ಅಂತ ನನ್ನ ಗುಮಾನಿ. 2021 ಜನವರಿ 1ರಿಂದ ಜಾರಿ. ಅದಾದ ಮೇಲೆ ನಾವು ಹವಾಯಿಯ ಮಾವಿ ದ್ವೀಪಕ್ಕೆ ಹೋಗಿದ್ವಿ, ಅಂಗಡೀಲಿ ಸಿಕ್ಕಿದ್ದು ಜಿಂಕ್ ಆಕ್ಸೈಡ್ ಟ್ಯೂಬು, ಎಷ್ಟು ತಿಕ್ಕಿದ್ರೂ ಚರ್ಮದ ಒಳಗೆ ಇಳಿಯಲ್ಲ, ಫೋಟೋದಲ್ಲೆಲ್ಲಾ ನನ್ನ ಮುಖ ಸುಣ್ಣ ಬಳಿದ ಗೋಡೆ. ಹೆಂಡತಿ ಈಗ್ಲೂ ಅದನ್ನೇ ಡಿಪಿ ಇಟ್ಕೊ ಅಂತ ಕಾಡಿಸ್ತಾಳೆ.

ಇದೇ ಐಡಿಯಾ ಫ್ಲೋರಿಡಾದ ಕೀ ವೆಸ್ಟ್ ಊರಿನವರಿಗೂ ಬಂತು, 2019ರಲ್ಲಿ ಅವರೂ ಬ್ಯಾನ್ ಅಂದ್ರು, ಆದ್ರೆ 2020ರಲ್ಲಿ ಫ್ಲೋರಿಡಾ ರಾಜ್ಯನೇ ಕಾನೂನು ಮಾಡಿ ಊರು-ಕೌಂಟಿಗಳು ಓಟಿಸಿ ಔಷಧಿಗೆ ಕೈ ಹಾಕೋ ಹಾಗಿಲ್ಲ ಅಂತ ಬಾಗಿಲು ಹಾಕ್ತು. ವಾಷಿಂಗ್ಟನ್ ಡಿ.ಸಿ.ಯವರು ಹೇರಿದ್ರೆ ಕೂಗಾಡೋ ರಾಜ್ಯಗಳೇ ತಮ್ಮ ಕೆಳಗಿನ ಊರುಗಳಿಗೆ ಅದನ್ನೇ ಮಾಡ್ತವೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ.

ಸರಿ, ಇವೆಲ್ಲಾ ಬಿಗಿ ಮಾಡೋ ಆಟ. ಸಡಿಲ ಮಾಡೋಕೆ ಬರುತ್ತಾ? ಕೇಂದ್ರ ಚೀಟಿ ಬೇಕು ಅಂದಿರೋ ಔಷಧಿನ ರಾಜ್ಯ ಬೇಡ ಅನ್ನಬಹುದಾ? ಕಾನೂನಲ್ಲಿ ಆ ದಾರಿ ಇಲ್ಲ, ಚೀಟಿ ಔಷಧಿನ ಚೀಟಿ ಇಲ್ಲದೇ ಕೊಟ್ರೆ 1951ರ ಆ ನಿಯಮದ ಪ್ರಕಾರ ಅದು ಕೇಂದ್ರದ ಕಣ್ಣಲ್ಲಿ ತಪ್ಪು. ಆದ್ರೆ ಚೀಟಿ ಬರಿಯೋದು ಯಾರು, ಹೇಗೆ ಅನ್ನೋದು ರಾಜ್ಯದ ಕೈಲಿದೆ. ಓಪಿಯಾಯ್ಡ್ (ಹೆರಾಯಿನ್, ಮಾರ್ಫಿನ್ ಥರದ್ದು) ಓವರ್‌ಡೋಸ್ ಆದವರನ್ನ ಉಳಿಸೋ ನಲಾಕ್ಸೋನ್ ಆಗ ಚೀಟಿ ಔಷಧಿ. ಮನೇಲಿ ಮಗ ನೀಲಿಗಟ್ಟಿ ಬಿದ್ದಿರೋವಾಗ ಅಮ್ಮ ಡಾಕ್ಟ್ರ ಹತ್ರ ಓಡಿ ಚೀಟಿ ಬರೆಸ್ಕೊಂಡು ಬರೋಕಾಗುತ್ತಾ? ಪೆನ್ಸಿಲ್ವೇನಿಯಾ 2015ರಲ್ಲಿ ಏನು ಮಾಡ್ತು ಅಂದ್ರೆ, ರಾಜ್ಯದ ಫಿಸಿಷಿಯನ್ ಜನರಲ್ ರೇಚಲ್ ಲೆವಿನ್ ಇಡೀ ರಾಜ್ಯಕ್ಕೆ ಒಂದೇ ಸ್ಟ್ಯಾಂಡಿಂಗ್ ಆರ್ಡರ್ ಬರೆದುಬಿಟ್ರು, ಅಂದ್ರೆ ಎಲ್ಲರ ಹೆಸರಿಗೂ ಸೇರಿ ಒಂದು ಚೀಟಿ ಅನ್ಕೊಳ್ಳಿ. ಫಾರ್ಮಸಿಗೆ ಹೋಗಿ ಕೇಳಿದ್ರೆ ಆಯ್ತು. ಕೇಂದ್ರದ ಚೀಟಿ ನಿಯಮ ಮುರೀಲಿಲ್ಲ, ಜನಕ್ಕೆ ಔಷಧಿ ಸಿಕ್ತು. ಎಫ್‌ಡಿಎ ನಲಾಕ್ಸೋನ್ ಸ್ಪ್ರೇನ ಓಟಿಸಿ ಮಾಡಿದ್ದು 2023 ಮಾರ್ಚಲ್ಲಿ. ಹವಾಯಿ ಬಾಗಿಲು ಹಾಕೋಕೆ ಬಳಸಿದ ಚೀಟಿನೇ ಪೆನ್ಸಿಲ್ವೇನಿಯಾದಲ್ಲಿ ಬಾಗಿಲು ತೆಗೀತು, ನಂಗಂತೂ ಇದು ಓದಿದಾಗ ಭಲೇ ಅನ್ನಿಸ್ತು.

ಈಗಿನ ಐವರ್ಮೆಕ್ಟಿನ್ (ಪರೋಪಜೀವಿ ಹುಳಗಳಿಗೆ ಕೊಡೋ ಚೀಟಿ ಔಷಧಿ) ಕಥೆ ಹಾಗಲ್ಲ. 2025ರಲ್ಲಿ ಐಡಹೋ, ಅರ್ಕಾನ್ಸಾದವರು ಅದನ್ನ ಚೀಟಿ ಇಲ್ಲದೇ ಮಾರಬಹುದು ಅಂತ ಕಾನೂನು ಮಾಡಿದ್ರು, ಆದ್ರೆ ಡಬ್ಬಿ ಮೇಲೆ ಈಗ್ಲೂ ಚೀಟಿ ಬೇಕು ಅಂತಲೇ ಇರೋದು, ಅದನ್ನ ಅಳಿಸೋ ಶಕ್ತಿ ರಾಜ್ಯಕ್ಕಿಲ್ಲ. ಮಧ್ಯ ಸಿಕ್ಕಿಹಾಕ್ಕೊಳ್ಳೋದು ಕೌಂಟರ್ ಹಿಂದೆ ನಿಂತಿರೋ ಫಾರ್ಮಸಿಸ್ಟು. ರಾಜ್ಯ ಕೊಡಬಹುದು ಅನ್ನುತ್ತೆ, ಕೇಂದ್ರದ ಕಾನೂನು ಕೊಟ್ರೆ ತಪ್ಪು ಅನ್ನುತ್ತೆ. ನಾನಾಗಿದ್ರೆ ಸ್ಟಾಕೇ ಇಲ್ಲ ಅಂತ ಹೇಳಿ ಕಳಿಸ್ತಿದ್ದೆ.

ಲೇಬಲ್ ವಿಷಯಕ್ಕೆ ಬಂದ್ರೆ ನಾನು ಕೇಂದ್ರದ ಪಾರ್ಟಿ. ಸಿಗರೇಟ್ ಬಿಡೋಕೆ ಬಳಸೋ ನಿಕೋಟಿನ್ ಪ್ಯಾಚು, ಚೂಯಿಂಗ್ ಗಮ್ಮಿನ ಕೇಸ್ ಇದೆಯಲ್ಲ, ಅದೇ ಸಾಕ್ಷಿ. ಪ್ರೊಪೊಸಿಷನ್ 65 ಪ್ರಕಾರ ನಿಕೋಟಿನ್ ಹೊಟ್ಟೇಲಿರೋ ಮಗುಗೆ ಹಾನಿ, ಹಾಗಂತ ಡಬ್ಬಿ ಮೇಲೆ ಹಾಕ್ಬೇಕು ಅಂತ ವಾದ. ಮಾತು ಸುಳ್ಳೇನಲ್ಲ. ಆದ್ರೆ ಎಫ್‌ಡಿಎ ಚಿಂತೆ ಬೇರೆ, ಬಸುರಿ ಹೆಂಗಸು ಅದನ್ನ ಓದಿ ಹೆದರಿ ಪ್ಯಾಚ್ ಬಿಟ್ಟು ಸಿಗರೇಟನ್ನೇ ಮುಂದುವರಿಸಿದ್ರೆ? ವಿನಾಯಿತಿ ಇದ್ರೂ 2004ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟೇ ಎಫ್‌ಡಿಎ ಪರವಾಗಿ ತೀರ್ಪು ಕೊಡ್ತು, ಎರಡು ಎಚ್ಚರಿಕೆ ಒಂದಕ್ಕೊಂದು ತಾಗಿದಾಗ ಕೇಂದ್ರದ್ದೇ ನಡೀಬೇಕು ಅಂತ. ನಿಜವಾದ ಮಾತೂ ಹೇಳೋ ರೀತೀಲಿ ಕೆಟ್ಟದ್ದು ಮಾಡಬಹುದು ಅಂತ ಒಂದು ಕೋರ್ಟು ಒಪ್ಪಿದ್ದು ನಂಗೆ ಇಷ್ಟ ಆಯ್ತು.

ಹಾಗಂತ ಕೇಂದ್ರ ಹೇಳಿದ್ದೆಲ್ಲಾ ಸರಿ ಅಂತಲೂ ಇಲ್ಲ. ಪೋರ್ಟ್‌ಲ್ಯಾಂಡಲ್ಲಿ ಆವತ್ತು ಬರಿಗೈಲಿ ಬರೋದ್ಯಾಕೆ ಅಂತ ಮೂಗು ಬಿಡಿಸೋಕೆ ಅಂತಲೇ ಶೆಲ್ಫಲ್ಲಿ ಆರಾಮಾಗಿ ಸಿಗ್ತಿದ್ದ ಫಿನೈಲೆಫ್ರಿನ್ ಮಾತ್ರೆ ತಂದಿದ್ದೆ. ನಾಲ್ಕು ಗಂಟೆಗೊಂದು ನುಂಗಿದ್ರೂ ಮೂಗು ಇದ್ದ ಹಾಗೇ ಇತ್ತು, ನನ್ನ ಮೂಗೇ ಸರಿಯಿಲ್ಲ ಅನ್ಕೊಂಡಿದ್ದೆ. 2023ರ ಸೆಪ್ಟೆಂಬರಲ್ಲಿ ಎಫ್‌ಡಿಎ ಸಲಹಾ ಸಮಿತಿಯವರು ಒಬ್ಬರೂ ಬಿಡದೇ ವೋಟ್ ಹಾಕಿ ಹೇಳಿದ್ರು, ಬಾಯಲ್ಲಿ ನುಂಗೋ ಫಿನೈಲೆಫ್ರಿನ್ ಮೂಗು ಬಿಡಿಸುತ್ತೆ ಅನ್ನೋಕೆ ಪುರಾವೆ ಇಲ್ಲ ಅಂತ, 2024 ನವೆಂಬರಲ್ಲಿ ಅದನ್ನ ಓಟಿಸಿ ಔಷಧಿಗಳ ಪಟ್ಟಿಯಿಂದ ತೆಗೆಯೋ ಪ್ರಸ್ತಾಪನೂ ಬಂತು. ಅಂದ್ರೆ ಕೆಲಸ ಮಾಡೋ ಮಾತ್ರೆಗೆ ನನ್ನ ರಾಜ್ಯ ಬೀಗ ಹಾಕಿತ್ತು, ಕೆಲಸ ಮಾಡದ್ದನ್ನ ಕೇಂದ್ರ ಕೈಗೆ ಸಿಗೋ ಹಾಗೆ ಇಟ್ಟಿತ್ತು!

ಆರೆಗಾನ್ ಪ್ರಯೋಗದ ಗತಿ ಏನಾಯ್ತು ಅಂದ್ರೆ, ಮನೆಮನೇಲಿ ಮೆಥ್ ಬೇಯಿಸೋರು ಕಮ್ಮಿ ಆಗಿದ್ದು ನಿಜ, ಆದ್ರೆ ಚೀಟಿ ಕೇಳದ ಅಕ್ಕಪಕ್ಕದ ರಾಜ್ಯಗಳಲ್ಲೂ ಕಮ್ಮಿ ಆಯ್ತು, ಮೆಥ್ ಮಾತ್ರ ಮೆಕ್ಸಿಕೋ ಕಡೆಯಿಂದ ಬರ್ತಾನೇ ಇತ್ತು. 2022 ಜನವರಿ 1ರಿಂದ ಆರೆಗಾನ್, ಮಿಸಿಸಿಪ್ಪಿ ಎರಡೂ ಚೀಟಿ ನಿಯಮ ಕೈಬಿಟ್ವು. ಕಳೆದ ಚಳಿಗಾಲ ಮತ್ತೆ ಮೂಗು ಕಟ್ತು, ಪೋರ್ಟ್‌ಲ್ಯಾಂಡಲ್ಲೇ ಲೈಸನ್ಸ್ ತೋರಿಸಿ, ಸ್ಕ್ರೀನ್ ಮೇಲೆ ಸೈನ್ ಹಾಕಿ, ಡಬ್ಬಿ ತಗೊಂಡು ಬಂದೆ. ಭಾವಂಗೆ ಫೋನ್ ಮಾಡಿ ಹೇಳಿದ್ರೆ "ಹಾಗಾದ್ರೆ ಈ ಭಾನುವಾರ ಊಟಕ್ಕೆ ಬರಲ್ವಾ?" ಅಂದ್ರು.