ತೋಳಿನ ಲಸಿಕೆ ಮೂತ್ರಕೋಶಕ್ಕೆ

ದೊಡ್ಡಪ್ಪನಿಗೆ ಮೂತ್ರಕೋಶದ ಕ್ಯಾನ್ಸರ್, ಇನ್ನೂ ಮೇಲ್ಪದರದಲ್ಲೇ ಇದೆ. ಗಡ್ಡೆ ಕೆರೆದು ತೆಗೆದ ಮೇಲೆ ಈಗ ಬಿಸಿಜಿ ಕೊಡುತ್ತಿದ್ದಾರೆ. ಹೌದು, ಹಸುಗೂಸಿನ ತೋಳಿಗೆ ಹಾಕುವ ಅದೇ ಟಿಬಿ ಲಸಿಕೆ! ವಾರಕ್ಕೊಮ್ಮೆ, 6 ವಾರ. ಸಣ್ಣ ಟ್ಯೂಬಿನಲ್ಲಿ ಒಳಗೆ ಬಿಡುತ್ತಾರೆ, ಸುಮಾರು 2 ಗಂಟೆ ಮೂತ್ರ ತಡೆದುಕೊಳ್ಳಬೇಕು.

ಲಸಿಕೆಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ಬ್ಯಾಕ್ಟೀರಿಯಾ. ಅದು ಬಂತೆಂದು ದೇಹದ ರಕ್ಷಣಾ ಕಣಗಳು ಓಡಿ ಬರುತ್ತವೆ, ಅಲ್ಲಿದ್ದ ಕ್ಯಾನ್ಸರ್ ಕಣಗಳಿಗೂ ಸೇರಿಸಿ ಬಾರಿಸುತ್ತವೆ. ಕೆನಡಾದ ಡಾ. ಅಲ್ವಾರೊ ಮೊರಾಲೆಸ್ 1976ರಲ್ಲೇ ಇದನ್ನು ವರದಿ ಮಾಡಿದ್ದರು.

ಆದರೆ ರಕ್ಷಣಾ ಕಣಗಳೆಲ್ಲ ಸಾಚಾ ಅಲ್ಲ. ಅವುಗಳಲ್ಲೇ ಕ್ರಿಮಿ ನುಂಗುವ ಮ್ಯಾಕ್ರೋಫೇಜ್‌ಗಳು ಎಷ್ಟೋ ಸಲ ಗಡ್ಡೆಯ ಕಡೆ ಸೇರಿ, ಅದಕ್ಕೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಪಕ್ಷಾಂತರ ಅಲ್ಲೂ ಇದೆ ಅಲ್ವಾ!

ದೊಡ್ಡಪ್ಪನಿಗೆ ಇದ್ಯಾವುದೂ ಬೇಡ. ಮನೆಗೆ ಬಂದ ಮೇಲೆ 6 ಗಂಟೆ ಕಾಲ, ಮೂತ್ರಕ್ಕೆ ಹೋದಾಗಲೆಲ್ಲ ಆ ಬ್ಯಾಕ್ಟೀರಿಯಾ ಸಾಯಲೆಂದು ಕಮೋಡಿಗೆ ಬ್ಲೀಚ್ ಸುರಿಯಬೇಕಲ್ಲ, ಅದೇ ಜಾಸ್ತಿ ಕಿರಿಕಿರಿಯಂತೆ.