ಖಾತೆ ಯಾರ ಹೆಸರಲ್ಲಿದೆ?

ಡಿಸೆಂಬರ್ ಎರಡನೇ ವಾರ. ಅರೇಬಿಕಾ ಕಾಫಿ ಕುಯ್ಲು ಜೋರಾಗಿ ನಡೆದಿತ್ತು. ಬೆಳಗ್ಗೆ ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ, ಹರಡುತ್ತಿದ್ದೆ, ಮನೆಯ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ನಮ್ಮ ಹೋಮ್‌ಸ್ಟೇಗೆ ಪ್ರತಿ ವರ್ಷ ಬರುವ ಮೈಸೂರಿನವರು.

"ಮೇಡಂ, ಹೋಮ್‌ಸ್ಟೇ ನಿಲ್ಲಿಸಿಬಿಟ್ರಾ? ನಿಮ್ಮ ವೆಬ್‌ಸೈಟ್ ತೆಗೆದ್ರೆ ಏನೇನೋ ಜಾಹೀರಾತು ಬರ್ತಿದೆ. ಈ ಹೆಸರಿನ ಅವಧಿ ಮುಗಿದಿದೆ ಅಂತ ಬರೆದಿದೆ."

ಕೈಯಲ್ಲಿದ್ದ ಹಲಗೆಯನ್ನು ಅಲ್ಲೇ ಬಿಟ್ಟೆ. ನಮ್ಮ ತೋಟ ಇರುವುದು ಸೋಮವಾರಪೇಟೆಯಿಂದ ಪುಷ್ಪಗಿರಿ ಕಡೆ ಹೋಗುವ ದಾರಿಯಲ್ಲಿ. ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ತೋಟದ ಮೇಲ್ತುದಿಯ ನೀರಿನ ಟ್ಯಾಂಕ್ ಹತ್ತಿರ ಹೋಗಬೇಕು. ರಜೆಗೆ ಬಂದಿದ್ದ ಅಕ್ಕನ ಮಗಳನ್ನು ಎಬ್ಬಿಸಿ, ಅವಳ ಲ್ಯಾಪ್‌ಟಾಪ್ ತೆಗೆದುಕೊಂಡು ಇಬ್ಬರೂ ಹತ್ತಿದೆವು. ಅವರು ಹೇಳಿದ್ದು ನಿಜ. ನಮ್ಮ ಹೋಮ್‌ಸ್ಟೇ ಹೆಸರು ಹೊಡೆದರೆ ಯಾವುದೋ ವಿಮಾನ ಟಿಕೆಟ್ಟಿನ ಜಾಹೀರಾತು.

ಕ್ರಿಸ್ಮಸ್ ಬುಕಿಂಗ್ ಹೋಗುತ್ತದಲ್ಲ ಅನ್ನುವ ಚಿಂತೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಕೈಕಾಲು ತಣ್ಣಗಾಗಿದ್ದು ಬೇರೆ ಕಾರಣಕ್ಕೆ. ಆ ವೆಬ್‌ಸೈಟ್ ಮಾಡಿಸಿದ್ದು 2018ರಲ್ಲಿ. ಆ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು, ಮನೆ ತೋಟ ಎಲ್ಲ ಕೊಚ್ಚಿಹೋದದ್ದು ಎಲ್ಲರಿಗೂ ಗೊತ್ತು. ನಮ್ಮ ಕಡೆ ರಸ್ತೆ ಸರಿಯಾದ ಮೇಲೂ ಜನ ಹೆದರಿ ಬರುತ್ತಿರಲಿಲ್ಲ. ನಾವು ಚೆನ್ನಾಗಿದ್ದೇವೆ, ದಾರಿ ತೆರೆದಿದೆ ಅಂತ ಹೇಳುವುದಕ್ಕೆ ನಮಗೊಂದು ಜಾಗ ಬೇಕಿತ್ತು. ಮೊದಲ ಪುಟಕ್ಕೆ ಮಾವನವರ ಫೋಟೋ ಹಾಕಿದ್ದೆವು. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ಪಕ್ಕ ನಿಂತು, ಎರಡು ಬೊಗಸೆ ಕೆಂಪು ಹಣ್ಣು ಹಿಡಿದು ನಗುತ್ತಿದ್ದಾರೆ. ಎರಡು ವರ್ಷಕ್ಕೆ ಅವರು ತೀರಿಕೊಂಡರು. ಫೋಟೋ ತೆಗೆದ ಫೋನ್ ಮಳೆಗೆ ಸಿಕ್ಕಿ ಹಾಳಾಯಿತು. ಆ ಫೋಟೋ ಉಳಿದಿದ್ದು ವೆಬ್‌ಸೈಟ್‌ನಲ್ಲಿ ಮಾತ್ರ.

"ಹೋಯ್ತಾ ಹಂಗಾದ್ರೆ?" ಅಂದೆ.

"ಚಿಕ್ಕಮ್ಮ, ಒಂದು ನಿಮಿಷ. ಹೋಗಿರೋದು ಹೆಸರು. ಫೋಟೋ ಇರೋದು ಬೇರೆ ಕಡೆ."

ನನಗೆ ಅರ್ಥವಾಗಲಿಲ್ಲ. ವರ್ಷ ವರ್ಷ ನಾನೇ ಹಣ ಕಟ್ಟುತ್ತಿದ್ದೆನಲ್ಲ! ಜೂನ್‌ನಲ್ಲಿ ಕಟ್ಟಿದ ರಸೀದಿ ನನ್ನ ಇಮೇಲ್‌ನಲ್ಲೇ ಇತ್ತು. ಅವಳು ಅದನ್ನು ನೋಡಿ, ಇದು ಹೋಸ್ಟಿಂಗ್‌ದು ಅಂದಳು. ಅಂದರೆ ನಮ್ಮ ಪುಟ, ಫೋಟೋಗಳನ್ನು ಇಟ್ಟಿರುವ ಕಂಪ್ಯೂಟರ್‌ನ ಬಾಡಿಗೆ. ಹೆಸರಿನ ಬಾಡಿಗೆ ಬೇರೆ. ಎರಡೂ ಬೇರೆ ಬೇರೆ ಕಂಪನಿಯಲ್ಲಿ ಇರಬಹುದು, ನಮ್ಮದು ಹಾಗೇ ಇತ್ತು. ನಾನು ಇಷ್ಟು ವರ್ಷ ಎರಡೂ ಒಂದೇ ಅಂದುಕೊಂಡಿದ್ದೆ.

ಅವಳು ಹೇಳಿಕೊಟ್ಟಿದ್ದನ್ನು ನಮ್ಮ ಊರಿನ ಲೆಕ್ಕದಲ್ಲಿ ಹೇಳುತ್ತೇನೆ. ನಮ್ಮಲ್ಲಿ ಕಾಗದ ಬಂದರೆ ಪೋಸ್ಟ್‌ಮ್ಯಾನ್ ಸರ್ವೆ ನಂಬರ್ ಕೇಳುತ್ತಾನಾ? ಇಲ್ಲ. ಮನೆ ಹೆಸರು ನೋಡುತ್ತಾನೆ, ಯಾವ ತಿರುವಿನಲ್ಲಿ ಇಳಿಯಬೇಕು ಅಂತ ಅವನಿಗೆ ಗೊತ್ತು. ಇಂಟರ್‌ನೆಟ್‌ನಲ್ಲಿ ಪ್ರತಿ ಕಂಪ್ಯೂಟರ್‌ಗೂ ಒಂದು ನಂಬರ್ ಇರುತ್ತದೆ. ನಾವು ಹೆಸರು ಹೊಡೆದರೆ ಡಿಎನ್‌ಎಸ್ ಅನ್ನುವ ವ್ಯವಸ್ಥೆ ಆ ಹೆಸರಿನ ನಂಬರ್ ಹುಡುಕಿ ಕೊಡುತ್ತದೆ. 1983ರಿಂದ ನಡೆದುಕೊಂಡು ಬಂದಿರುವ ಪದ್ಧತಿ. ಹೆಸರಿನ ಅವಧಿ ಮುಗಿದಿದ್ದಕ್ಕೆ ಆ ಕಂಪನಿ ಪೋಸ್ಟ್‌ಮ್ಯಾನ್‌ಗೆ ಬೇರೆ ದಾರಿ ತೋರಿಸಿತ್ತು. ಮನೆ ಇದ್ದ ಜಾಗದಲ್ಲೇ ಇತ್ತು.

ಅಲ್ಲೇ ಟ್ಯಾಂಕ್ ಕಟ್ಟೆ ಮೇಲೆ ಕೂತು ಅವಳು ಹೋಸ್ಟಿಂಗ್ ಖಾತೆಯೊಳಗೆ ಹೋದಳು. ಪಾಸ್‌ವರ್ಡ್ ನೆನಪಿರಲಿಲ್ಲ, ಇಮೇಲ್ ನನ್ನದೇ ಆಗಿದ್ದರಿಂದ ಹೊಸದು ಮಾಡಿಕೊಂಡೆವು. ನಮ್ಮ ಸೈಟ್ ಮಾಡಿದ್ದು ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ. ಅದರಲ್ಲಿ ಅಪ್‌ಲೋಡ್ಸ್ ಅಂತ ಒಂದು ಫೋಲ್ಡರ್, ಅದರೊಳಗೆ ವರ್ಷದ ಫೋಲ್ಡರ್, ಅದರೊಳಗೆ ತಿಂಗಳಿನದು. 2018 ಒತ್ತಿದಳು. 11 ಒತ್ತಿದಳು. ನೆಟ್‌ವರ್ಕ್ ನಿಧಾನ ಅಲ್ವಾ, ಫೋಟೋ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯಿತು. ಮೊದಲು ಸಿಲ್ವರ್ ಮರ. ಆಮೇಲೆ ಪಲ್ಪರ್ ಶೆಡ್ಡಿನ ತಗಡು. ಆಮೇಲೆ ಮಾವನವರ ಹಣೆ, ಕನ್ನಡಕ, ನಗು. ಕೊನೆಗೆ ಆ ಕೆಂಪು ಹಣ್ಣು.

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳೂ ಸುಮ್ನೆ ಕೂತಿದ್ದಳು.

ಸರಿ, ಈಗ ಹೆಸರು ಯಾರ ಹತ್ತಿರ ಇದೆ? ಡಾಟ್ ಕಾಮ್ ಹೆಸರುಗಳ ವಿವರ ಹುಡುಕುವುದಕ್ಕೆ, ಇಂಟರ್‌ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಪುಟ ಇದೆ, ಯಾರು ಬೇಕಾದರೂ ನೋಡಬಹುದು. ಯಾವ ಕಂಪನಿಯಲ್ಲಿ ನೋಂದಣಿಯಾಗಿದೆ, ಯಾವತ್ತು ಮುಗಿಯುತ್ತದೆ ಅನ್ನುವುದು ಅಲ್ಲಿ ಸಿಕ್ಕಿತು. ಯಜಮಾನರ ಹೆಸರನ್ನು ಮಾತ್ರ ಈಗ ಹೆಚ್ಚಾಗಿ ಮುಚ್ಚಿಟ್ಟಿರುತ್ತಾರೆ. ಆದರೆ ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಸೈಟ್ ಮಾಡಿಕೊಟ್ಟ ಹುಡುಗ ಹೆಸರನ್ನು ತನ್ನ ಖಾತೆಯಲ್ಲೇ ತೆಗೆದುಕೊಂಡಿದ್ದ. ಅದರ ದುಡ್ಡನ್ನು ನಾನು ಅವನ ಕೈಗೆ ಕೊಟ್ಟಿದ್ದೆ.

ಅವನು ಈಗ ಕೆನಡಾದಲ್ಲಿದ್ದಾನೆ. ರಾತ್ರಿ ಎಂಟೂವರೆಗೆ ಟಾರ್ಚ್ ಹಿಡಿದು ಮತ್ತೆ ಟ್ಯಾಂಕ್ ಹತ್ತಿರ ಹೋಗಿ ಫೋನ್ ಮಾಡಿದೆವು. ಒಳ್ಳೆಯ ಹುಡುಗ, ಬೇಕಂತ ಮಾಡಿದ್ದಲ್ಲ. "ಅಕ್ಕಾ, ನನ್ನ ಹಳೇ ಕಾರ್ಡಿಂದ ತಾನಾಗೇ ಕಟ್ ಆಗ್ತಿತ್ತು. ಆ ಕಾರ್ಡ್ ಕ್ಲೋಸ್ ಮಾಡ್ದೆ ನೋಡಿ, ಮರ್ತೇಹೋಯ್ತು" ಅಂದ. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಇನ್ನೊಮ್ಮೆ ಕಂಪನಿ ನೆನಪಿಸಲೇಬೇಕು ಅಂತ ಐಕ್ಯಾನ್ ನಿಯಮವಿದೆ. ನೆನಪಿಸಿದ್ದಾರೆ ಕೂಡ. ಅವನು ಈಗ ತೆಗೆದೂ ನೋಡದ ಹಳೇ ಇಮೇಲ್‌ಗೆ.

ಅವಧಿ ಮುಗಿದು ಅವತ್ತಿಗೆ 12 ದಿನ. ಡಾಟ್ ಕಾಮ್ ಹೆಸರಾದರೆ ಮುಗಿದ ಕೂಡಲೇ ಯಾರೋ ಬಂದು ಎತ್ತಿಕೊಂಡು ಹೋಗುವುದಿಲ್ಲ. ಹೆಚ್ಚೆಂದರೆ 45 ದಿನದವರೆಗೆ ಕಂಪನಿಗಳು ಮಾಮೂಲಿ ದರದಲ್ಲೇ ನವೀಕರಣಕ್ಕೆ ಬಿಡುವುದುಂಟು. ಅದು ಕಂಪನಿಯಿಂದ ಕಂಪನಿಗೆ ಬೇರೆ. ಅದೂ ದಾಟಿದರೆ ಇನ್ನೂ 30 ದಿನ ಇರುತ್ತದೆ, ಆಗ ಬಿಡಿಸಿಕೊಳ್ಳಲು ದಂಡ ತುಂಬಾ ಜಾಸ್ತಿ. ಆಮೇಲೆ 5 ದಿನಕ್ಕೆ ಹೆಸರು ಅಳಿಸಿಹೋಗಿ, ಯಾರು ಮೊದಲು ಬಂದರೆ ಅವರಿಗೆ. ಆ ಮೈಸೂರಿನವರು ಫೋನ್ ಮಾಡದೇ ಇದ್ದಿದ್ದರೆ ಕುಯ್ಲಿನ ಗಡಿಬಿಡಿಯಲ್ಲಿ ನಾನು ಫೆಬ್ರವರಿವರೆಗೂ ಸೈಟ್ ತೆಗೆದು ನೋಡುತ್ತಿರಲಿಲ್ಲ.

ಹುಡುಗ ಅಲ್ಲಿಂದಲೇ ನವೀಕರಿಸಿದ, ನಾನು ಅವನಿಗೆ ದುಡ್ಡು ಹಾಕಿದೆ. ಮಾರನೇ ದಿನ ಮೈಸೂರಿನವರು ಫೋನ್ ಮಾಡಿ "ಬಂತು ಮೇಡಂ" ಅಂದರು. ನಮ್ಮ ಫೋನ್‌ನಲ್ಲಿ ಇನ್ನೂ ವಿಮಾನದ ಜಾಹೀರಾತೇ! ಡಿಎನ್‌ಎಸ್ ಕೊಟ್ಟ ಹಳೇ ಉತ್ತರವನ್ನು ಅಲ್ಲಲ್ಲಿ ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತಾರಂತೆ, ಅದಕ್ಕೇ ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ತಡ. ಮಧ್ಯಾಹ್ನದ ಹೊತ್ತಿಗೆ ನಮಗೂ ಕಾಣಿಸಿತು.

ಆದರೆ ಅಕ್ಕನ ಮಗಳು ಅಷ್ಟಕ್ಕೇ ಬಿಡಲಿಲ್ಲ. "ಸೈಟ್ ಬಂತು, ಆದ್ರೆ ಹೆಸರು ಇನ್ನೂ ನಿಮ್ದಲ್ಲ ಚಿಕ್ಕಮ್ಮ" ಅಂದಳು. ಅದು ನನಗೆ ಚೆನ್ನಾಗಿ ತಟ್ಟಿತು. ಕೊಡಗಿನಲ್ಲಿ ಆರ್‌ಟಿಸಿಯಲ್ಲಿ ಅಜ್ಜನ ಹೆಸರೇ ಉಳಿದು, ಮೊಮ್ಮಕ್ಕಳು ತಾಲೂಕು ಕಚೇರಿಗೆ ಅಲೆಯುವುದನ್ನು ಎಷ್ಟು ಮನೆಯಲ್ಲಿ ನೋಡಿಲ್ಲ? ಉಳುವವರು ನಾವು, ಕಂದಾಯ ಕಟ್ಟುವವರು ನಾವು, ಖಾತೆ ಮಾತ್ರ ಇನ್ನೊಬ್ಬರದು. ಅದೇ ಕಂಪನಿಯಲ್ಲಿ ನನ್ನ ಹೆಸರಲ್ಲಿ ಖಾತೆ ತೆರೆದೆ. ಹುಡುಗ ತನ್ನದರಿಂದ ನನ್ನದಕ್ಕೆ ಹೆಸರನ್ನು ದಾಟಿಸಿದ. ಬೇರೆ ಕಂಪನಿಗೆ ಸಾಗಿಸಬೇಕಿದ್ದರೆ ಒಂದು ಗುಟ್ಟಿನ ಕೋಡ್ ಬೇಕು, ಕೆಲವು ದಿನ ಹಿಡಿಯುತ್ತದೆ. ಯಜಮಾನರ ವಿವರ ತುಂಬುವ ಪುಟದಲ್ಲಿ ಇನ್ನೂ ಅವನ ಬೆಂಗಳೂರು ಪಿಜಿ ವಿಳಾಸ ಇತ್ತು. ಅದನ್ನು ಅಳಿಸಿ ನನ್ನ ಹೆಸರು, ನಮ್ಮ ಊರು, ನಮ್ಮ ಪಿನ್‌ಕೋಡ್ ಬರೆದೆ. ನನ್ನ ಇಮೇಲ್ ಜೊತೆಗೆ ನನ್ನ ಗಂಡನ ಮೊಬೈಲ್ ನಂಬರನ್ನೂ ಕೊಟ್ಟೆ.

ಪೂರ್ತಿ ಸೈಟ್‌ನ ಬ್ಯಾಕಪ್ ಕೂಡ ಇಳಿಸಿಕೊಂಡೆವು. ಫೋಟೋ, ಫೈಲ್‌ಗಳು ಒಂದು ಕಡೆ, ಬರಹವೆಲ್ಲ ಇರುವ ಡೇಟಾಬೇಸ್ ಇನ್ನೊಂದು ಕಡೆ ಇರುತ್ತದೆ. ಎರಡೂ ಇದ್ದರೆ ಮಾತ್ರ ಸೈಟನ್ನು ಮತ್ತೆ ನಿಲ್ಲಿಸಬಹುದು. ಟ್ಯಾಂಕ್ ಹತ್ತಿರ ಒಂದು ಗಂಟೆಗೂ ಮೇಲೆ ಹಿಡಿಯಿತು. ಪೆನ್‌ಡ್ರೈವ್ ಅನ್ನು ಬೀರುವಿನಲ್ಲಿ ತೋಟದ ಕಾಗದಪತ್ರದ ಜೊತೆ ಇಟ್ಟೆ.

ಸಂಜೆ ಅತ್ತೆಗೆ ಲ್ಯಾಪ್‌ಟಾಪಿನಲ್ಲಿ ಫೋಟೋ ತೋರಿಸಿದೆವು. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಹತ್ತಿರದಿಂದ ನೋಡಿದರು.

"ಎಷ್ಟು ವರ್ಷಕ್ಕೆ ಕಟ್ಟಿದ್ದೀಯ?" ಅಂತ ಕೇಳಿದರು.

"ಒಂದೇ ವರ್ಷಕ್ಕೆ ಅತ್ತೆ. ಒಟ್ಟಿಗೆ 10 ವರ್ಷದವರೆಗೂ ಕಟ್ಟಬಹುದಂತೆ. ಮೆಣಸು ಮಾರಿದ ಮೇಲೆ ಕಟ್ಟುತ್ತೇನೆ."

"ಮುಗಿಯೋ ತಾರೀಕು ಲೆಕ್ಕದ ಪುಸ್ತಕದಲ್ಲಿ ಬರೆದಿಡು" ಅಂದರು. ಅಂದು ಕುಯ್ದ ಹಣ್ಣಿನ ತೂಕ ಬರೆಯುವ ಪುಸ್ತಕವನ್ನು ಅವರೇ ತಂದುಕೊಟ್ಟರು. ಮೊದಲ ಪುಟದಲ್ಲಿ ಮಾವನವರ ಕೈಬರಹದಲ್ಲಿ ನಮ್ಮ ತೋಟದ ಸರ್ವೆ ನಂಬರ್‌ಗಳಿವೆ. ಅದರ ಕೆಳಗೆ ಬರೆದೆ.