ಮೀಥೇನ್ ಪ್ರಾಜೆಕ್ಟ್ ಅಪ್‌ಡೇಟ್: ಕಾಂಪೋಸ್ಟ್ ಗುಡ್ಡೆ ಮೇಲೆ ಬೋರಲು ಬಕೆಟ್

ಕಾಂಪೋಸ್ಟ್ ಗುಡ್ಡೆಯಿಂದ ಎಷ್ಟು ಮೀಥೇನ್ ಬರ್ತಿದೆ ಅಂತ ಅಳೆಯೋ ಬಕೆಟ್ ಸೆಟಪ್ ಈಗ ನಂಬೋ ಹಾಗೆ ಓಡ್ತಿದೆ, ತುಂಬಾ ಖುಷಿಯಾಗಿದೀನಿ. ಕಾಂಪೋಸ್ಟ್ ಗುಡ್ಡೆ ಮೇಲೆ ಬಕೆಟ್ ಬೋರಲು ಹಾಕಿ ಅಂಚನ್ನ ಸ್ವಲ್ಪ ಒಳಕ್ಕೆ ಒತ್ತೋದು, ಒಳಗೆ ಮೀಥೇನ್ ಪತ್ತೆ ಮಾಡೋ ಟಿಜಿಎಸ್ 2611 ಸೆನ್ಸರ್, ಗಾಳಿ ಕಲಸೋಕೆ ಪುಟ್ಟ ಫ್ಯಾನು, ತೇವ ಉಷ್ಣತೆ ನೋಡೋಕೆ ಇನ್ನೊಂದು ಸೆನ್ಸರ್, ಅಷ್ಟೇ.

ಬಯಲಲ್ಲಿಟ್ಟು ಯಾಕೆ ಅಳೀಬಾರದು ಅಂದ್ರೆ, ಹೊರಗಿನ ಗಾಳೀಲಿ ಮೀಥೇನ್ ಇರೋದು 2 ಪಿಪಿಎಂಗೂ (ಹತ್ತು ಲಕ್ಷ ಪಾಲಲ್ಲಿ 2 ಪಾಲು) ಚೂರು ಕಮ್ಮಿ, ಈ ಸೆನ್ಸರ್ ಗ್ಯಾಸ್ ಲೀಕ್ ಹಿಡಿಯೋಕೆ ಅಂತ ಮಾಡಿರೋದು, ಸರಿಯಾಗಿ ಓದ್ಬೇಕು ಅಂದ್ರೆ ನೂರಾರು ಪಿಪಿಎಂ ಬೇಕು. ಹಾಗಾಗಿ ನಾನು ರೀಡಿಂಗ್ ಎಷ್ಟು ಅಂತ ನೋಡಲ್ಲ, ಮುಚ್ಚಿದ ಮೇಲೆ ಗ್ರಾಫಿನ ಗೆರೆ ಎಷ್ಟು ಬೇಗ ಏರುತ್ತೆ ಅನ್ನೋದನ್ನ ನೋಡ್ತೀನಿ. ಆ ವೇಗಾನ ಬಕೆಟ್ಟಿನ ಒಳಗಿನ ಗಾಳಿಯ ಗಾತ್ರದಿಂದ ಗುಣಿಸಿ ಬಾಯಿಯ ವಿಸ್ತೀರ್ಣದಿಂದ ಭಾಗಿಸಿದ್ರೆ ಗುಡ್ಡೆ ಎಷ್ಟು ಬಿಡ್ತಿದೆ ಅನ್ನೋ ಅಂದಾಜು ಸಿಗುತ್ತೆ.

ನಿಜವಾದ ಕಾಟ ತೇವದ್ದು. ಬಿಸಿ ಗುಡ್ಡೆ ಮೇಲೆ ಮುಚ್ಚಿದ ತಕ್ಷಣ ಒಳಗೆಲ್ಲ ಹಬೆ ಕಟ್ಟುತ್ತೆ, ಮೀಥೇನ್ ತಾಗಿದಾಗ ಆಗೋ ಹಾಗೇ ತೇವ ಹೆಚ್ಚಾದ್ರೂ ಸೆನ್ಸರಿನ ರೆಸಿಸ್ಟೆನ್ಸ್ (ವಿದ್ಯುತ್ ತಡೆ) ಬೀಳುತ್ತೆ, ಅಂದ್ರೆ ಮೀಥೇನ್ ಇಲ್ದೇ ಇದ್ರೂ ಇದ್ದ ಹಾಗೆ ಕಾಣುತ್ತೆ. ಅದಕ್ಕೆ ಅದೇ ಬಕೆಟ್ಟನ್ನ ಬಿಸಿನೀರು ಹಾಕಿದ ಮರಳಿನ ಮೇಲೆ ಮುಚ್ಚಿ ಇನ್ನೊಂದು ಗೆರೆ ತಗೊಂಡು ಅದನ್ನ ಕಳೀತೀನಿ, ಇದೊಂದು ಮಾಡ್ದೆ ಯಾರೂ ಅಂಕಿ ಹೇಳ್ಬೇಡಿ.

ಈಗ ಮುಖ್ಯ ವಿಷ್ಯ. ನೀರು ಕುಡಿದು ಒತ್ತಿಕೊಂಡಿದ್ದ ಭಾಗದಲ್ಲಿ ಗೆರೆ ಕಡಿದಾಗಿ ಏರ್ತಿತ್ತು, ಗಾಳಿ ಇಲ್ದಿರೋ ಕಡೇನೇ ಮೀಥೇನ್ ಮಾಡೋ ಸೂಕ್ಷ್ಮಜೀವಿಗಳು ಬದುಕೋದು. ಒಣ ಎಲೆ, ಸಣ್ಣ ಕಡ್ಡಿ ಬೆರೆಸಿ ಮಗುಚಿ ಹಾಕಿದೆ, ಮಗುಚುವಾಗ ಒಳಗೆ ಸಿಕ್ಕಿಕೊಂಡಿದ್ದದ್ದೆಲ್ಲ ಒಂದೇ ಸಲ ಹೊರಗೆ ಬಂತು, ಆಮೇಲೆ ಗೆರೆ ಮಲಗಿಬಿಡ್ತು! ಆದ್ರೆ ಗುಡ್ಡೆಯಿಂದ ಬರಬಹುದಾದ, ಭೂಮಿ ಬಿಸಿ ಮಾಡೋ ಇನ್ನೊಂದು ಗ್ಯಾಸು ನೈಟ್ರಸ್ ಆಕ್ಸೈಡ್ ಈ ಸೆನ್ಸರಿಗೆ ಕಾಣಲ್ಲ, ಅದು ವಾತಾವರಣದಲ್ಲಿ ನೂರು ವರ್ಷದ ಮೇಲೆ ಇರೋ ಗ್ಯಾಸು, ಹಾಗಾಗಿ ಮೀಥೇನ್ ಇಳೀತು ಅಂತಷ್ಟೇ ಹೇಳ್ತೀನಿ.

ಇಷ್ಟು ಸಣ್ಣ ಗುಡ್ಡೆಗೆ ಯಾಕೆ ಇಷ್ಟೆಲ್ಲ ಅಂತ ಕೇಳೋರಿಗೆ: ಮೀಥೇನ್ ಸುಮಾರು 12 ವರ್ಷದಲ್ಲಿ ಕರಗುತ್ತೆ, ಆದ್ರೆ 20 ವರ್ಷದ ಲೆಕ್ಕದಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಬಿಸಿ ಮಾಡುತ್ತೆ, ಇವತ್ತು ತಡೆದ್ರೆ ಫಲ ನಮ್ಮ ಕಾಲದಲ್ಲೇ ಕಾಣುತ್ತೆ. 2021ರಲ್ಲಿ ಹಲವು ದೇಶಗಳು ಮಾಡಿದ ಜಾಗತಿಕ ಮೀಥೇನ್ ಪ್ರತಿಜ್ಞೆ, ಮನುಷ್ಯರಿಂದ ಬರೋ ಮೀಥೇನನ್ನ 2030ರೊಳಗೆ, 2020ರ ಮಟ್ಟಕ್ಕಿಂತ 30% ಇಳಿಸ್ಬೇಕು ಅಂದಿದ್ದು ಇದಕ್ಕೇ. ಆ ಮೀಥೇನಲ್ಲಿ ಕೊಳೆಯೋ ಕಸದ್ದು ಸಣ್ಣ ಪಾಲೇನಲ್ಲ.

ಇದರ ಜೊತೆಗೆ ಗಾಳಿಯಲ್ಲಿರೋ ಹೊಗೆಮಸಿ ಅಳೆಯೋ ಇನ್ನೊಂದು ಕೆಲಸಾನೂ ನಡೀತಿದೆ. ಬಿಳಿ ಫಿಲ್ಟರ್ ಮೂಲಕ ಗಾಳಿ ಎಳೆದು, 880 ನ್ಯಾನೋಮೀಟರ್ (ಕಣ್ಣಿಗೆ ಕಾಣದ ಇನ್ಫ್ರಾರೆಡ್) ಎಲ್ಇಡಿ ಬೆಳಕು ಎಷ್ಟು ದಾಟುತ್ತೆ ಅಂತ ನೋಡೋದು, ಮಸಿ ಕೂತಷ್ಟೂ ಬೆಳಕು ಕಮ್ಮಿ ದಾಟುತ್ತೆ. ಫಿಲ್ಟರ್ ತುಂಬಾ ಕಪ್ಪಾಗ್ತಾ ಹೋದ ಹಾಗೆ ನಿಜವಾಗಿ ಇರೋದಕ್ಕಿಂತ ಕಮ್ಮಿ ಮಸಿ ತೋರ್ಸುತ್ತೆ, ಅದಕ್ಕೆ ತಿಳಿ ಬೂದು ಬಣ್ಣಕ್ಕೆ ತಿರುಗಿದಾಗ್ಲೇ ಬದಲಾಯಿಸ್ತೀನಿ.

ಮುಂದೆ ಗುಡ್ಡೆ ಮೇಲೆ ಪೂರ್ತಿ ಮಾಗಿದ ಗೊಬ್ಬರದ ಒಂದು ಪದರ ಹೊದಿಸಿ ನೋಡ್ತೀನಿ, ಅದರಲ್ಲಿ ಮೀಥೇನ್ ತಿನ್ನೋ ಬ್ಯಾಕ್ಟೀರಿಯಾ ಇರುತ್ವೆ, ಗೆರೆ ಇನ್ನೂ ಇಳಿಯುತ್ತಾ ಗೊತ್ತಾಗ್ಬೇಕು.